ಕಳ್ಳರಿಗೂ ಬೇಡವಾದ ದಿಂಬು

1824ರ ಜೂನ್ 8. ಬರ್ಮಾದ ರಾಜಧಾನಿ ಆವಾ. ಊಟಕ್ಕೆ ಎಲ್ಲ ಅಣಿಯಾಗಿತ್ತು. ಅಷ್ಟರಲ್ಲಿ ಬಾಗಿಲು ದಡಾರನೆ ತೆರೆದುಕೊಂಡಿತು. ಕರಿ ಪುಸ್ತಕ ಹಿಡಿದ ಅಧಿಕಾರಿ, ಅವನ ಹಿಂದೆ ಹತ್ತಾರು ಜನ. ಒಬ್ಬನ ಕೆನ್ನೆಯ ಮೇಲೆ ಹಚ್ಚೆಯ ಉಂಗುರ. ಅದು ಏನೆಂದು ಊರಿಗೆಲ್ಲ ಗೊತ್ತು: ಮರಣದಂಡನೆ ತಪ್ಪಿಸಿಕೊಂಡ ಪಾತಕಿಗಳನ್ನೇ ಸೆರೆಮನೆಯ ಕಟುಕರನ್ನಾಗಿ ಇಟ್ಟುಕೊಳ್ಳುವುದು ಅಲ್ಲಿನ ರೂಢಿ. ಆ ಕೆನ್ನೆಯವನು ಒಂದೇ ನೆಗೆತಕ್ಕೆ ಅಮೆರಿಕದ ಮಿಷನರಿ ಅಡೋನಿರಾಮ್ ಜಡ್ಸನ್‌ರನ್ನು ನೆಲಕ್ಕೆ ಕೆಡವಿ, ಮೊಣಕೈಗಳನ್ನು ಬೆನ್ನ ಹಿಂದೆ ಎಳೆದು ಹಗ್ಗ ಬಿಗಿದ. ಹೆಂಡತಿ ಆನ್ ಹಣ ಹಿಡಿದು ಬೇಡಿಕೊಂಡರು. ಸಡಿಲಿಸಲಿಲ್ಲ. ಎಳೆದುಕೊಂಡು ಹೋದರು.

ಈಸ್ಟ್ ಇಂಡಿಯಾ ಕಂಪನಿಗೂ ಬರ್ಮಾಕ್ಕೂ ಯುದ್ಧ ಹತ್ತಿಕೊಂಡಿತ್ತು. ರಂಗೂನ್ ಕಂಪನಿಯ ಪಾಲಾಗಿತ್ತು. ಜಡ್ಸನ್‌ರಿಗೆ ಬರುತ್ತಿದ್ದ ಹಣ ಇಂಗ್ಲಿಷ್ ವ್ಯಾಪಾರಿ ಗೌಗರ್ ಮೂಲಕ ಬಂಗಾಳದಿಂದ ಬರುತ್ತಿತ್ತು. ಅಷ್ಟು ಸಾಕಾಯಿತು, ಗೂಢಚಾರನೆಂಬ ಪಟ್ಟ ಬಿತ್ತು.

ಮನೆಯಲ್ಲಿ ಉಳಿದವರು ಆನ್ ಮತ್ತು ಅವರು ಸಾಕುತ್ತಿದ್ದ ನಾಲ್ವರು ಬರ್ಮಾ ಹುಡುಗಿಯರು. ಹೊರಗೆ ಕಾವಲು. ತನಿಖೆಯವರು ಬರುವುದರೊಳಗೆ ಪತ್ರ, ದಿನಚರಿ ಎಲ್ಲ ನಾಶವಾಗಬೇಕು! ಆನ್ ಒಂದೊಂದನ್ನೇ ಇಲ್ಲವಾಗಿಸಿದರು. ಒಂದನ್ನು ಮಾತ್ರ ಕೈ ಬಿಡಲಾಗಲಿಲ್ಲ. ಅದು ಬರ್ಮಾ ಭಾಷೆಯ ಹೊಸ ಒಡಂಬಡಿಕೆಯ ಹಸ್ತಪ್ರತಿ. 1813ರಲ್ಲಿ ರಂಗೂನಿಗೆ ಬಂದಿಳಿದ ಗಂಡ, ಅಕ್ಷರದಿಂದ ಶುರುಮಾಡಿ ಭಾಷೆ ಕಲಿತು 1823ರಲ್ಲಿ ಮುಗಿಸಿದ್ದ ಕೆಲಸ. ಅಚ್ಚಾಗಿರಲಿಲ್ಲ. ಆನ್ ಅದನ್ನು ಮನೆಯ ಕೆಳಗೆ ಹೂತಿಟ್ಟರು.

ಸೆರೆಮನೆಗೆ ಕಿಟಕಿಯೇ ಇರಲಿಲ್ಲ. ಒಂದೇ ಕೋಣೆಯಲ್ಲಿ ಹತ್ತಿರಹತ್ತಿರ ನೂರು ಜನ. ಜಡ್ಸನ್‌ರ ಕಾಲಿಗೆ ಮೂರು ಜೋಡಿ ಬೇಡಿ. ರಾತ್ರಿಯಾದರೆ ಕೈದಿಗಳ ಕಾಲುಗಳ ನಡುವೆ ಉದ್ದನೆಯ ಬಿದಿರು ತೂರಿಸಿ ಮೇಲಕ್ಕೆತ್ತುತ್ತಿದ್ದರು. ನೆಲಕ್ಕೆ ತಾಗುವುದು ಭುಜ, ತಲೆ ಮಾತ್ರ. ಮಧ್ಯಾಹ್ನ ಮೂರಕ್ಕೆ ಜಾಗಟೆ ಬಾರಿಸಿದ ಕೂಡಲೆ ಉಸಿರು ಸಿಕ್ಕಿಕೊಳ್ಳುತ್ತಿತ್ತು: ಇವತ್ತು ಯಾರನ್ನು ವಧೆಗೆ ಕರೆದೊಯ್ಯುತ್ತಾರೆ?

ಮಳೆಗಾಲ ಬಂತು. ಮಣ್ಣಿನ ತೇವಕ್ಕೆ ಹಾಳೆಗಳು ಕೊಳೆಯುವುದು ಖಂಡಿತ. ಮನೆಯೊಳಗೆ ಇಟ್ಟರೆ ಸಿಕ್ಕಿಬೀಳುವುದು ಖಂಡಿತ. ಆಗ ಹೊಳೆದ ಉಪಾಯ ಎಂಥದ್ದು ನೋಡಿ! ಹಾಳೆಗಳನ್ನು ಹತ್ತಿಯೊಳಗೆ ಸುತ್ತಿ ಹೊಲಿದು ದಿಂಬು ಮಾಡಿದರು. ಯಾವ ಕಾವಲುಗಾರನಿಗೂ ಆಸೆ ಹುಟ್ಟಬಾರದು, ಅಷ್ಟು ಒರಟು, ಅಷ್ಟು ಗಟ್ಟಿ. ದಿಂಬು ಸೆರೆಮನೆ ಸೇರಿತು. ತನ್ನ ಹತ್ತು ವರ್ಷದ ದುಡಿಮೆಯ ಮೇಲೆ ತಲೆಯಿಟ್ಟು ಆ ಮನುಷ್ಯ ಮಲಗಿದ.

1825ರ ಜನವರಿಯಲ್ಲಿ ಆನ್‌ಗೆ ಮಗಳು ಹುಟ್ಟಿದಳು, ಮರಿಯಾ. ಬಾಣಂತನ ಮುಗಿಯುವ ಮೊದಲೇ ಕೂಸನ್ನೆತ್ತಿಕೊಂಡು ಸೆರೆಮನೆಯ ಬಾಗಿಲಿಗೆ ಬಂದರು. ಇಷ್ಟರಲ್ಲಿ ಯುದ್ಧದಲ್ಲಿ ಬರ್ಮಾ ಸೋಲುತ್ತಿತ್ತು, ಸಿಟ್ಟು ಕೈದಿಗಳ ಮೇಲೆ ತಿರುಗಿತು. ಬೇಡಿ ಐದು ಜೋಡಿಯಾಯಿತು. ಒಳಕೋಣೆಗೆ ತಳ್ಳುವ ಗಡಿಬಿಡಿಯಲ್ಲಿ ಒಬ್ಬ ಕಾವಲುಗಾರ ದಿಂಬನ್ನು ಕಸಿದುಕೊಂಡ. ಹಸ್ತಪ್ರತಿ ಹೋಯಿತು! ಆದರೆ ತಲೆಯಿಟ್ಟು ನೋಡಿದವನಿಗೆ ಕಲ್ಲಿನಂತಿತ್ತೇನೋ, ವಾಪಸ್ ಎಸೆದ.

ಮೇ 2ರಂದು ರಾಜ್ಯಪಾಲ ಆನ್‌ರನ್ನು ನೆವ ಹೂಡಿ ಮನೆಗೆ ಕರೆಸಿಕೊಂಡ. ಅತ್ತ ಜ್ವರದಿಂದ ಬೆಂದುಹೋಗಿದ್ದ ಜಡ್ಸನ್‌ರನ್ನು ಹೊರಗೆಳೆದು, ಬಟ್ಟೆ ಕಿತ್ತು, ಸೊಂಟಕ್ಕೆ ಹಗ್ಗ ಕಟ್ಟಿ ಇಬ್ಬಿಬ್ಬರನ್ನು ಜೋಡಿಮಾಡಿ ನಡೆಸಿದರು. ನೆತ್ತಿಯ ಮೇಲೆ ಬೇಸಗೆಯ ಸೂರ್ಯ, ಕೆಳಗೆ ಕಾದ ಮರಳು, ಬರಿಗಾಲು. ಸ್ವಲ್ಪದರಲ್ಲೇ ಅಂಗಾಲಿನ ಚರ್ಮ ಸುಲಿದುಹೋಯಿತು. ಹೊಳೆಯೊಂದನ್ನು ದಾಟುವಾಗ ಅದಕ್ಕೆ ಹಾರಿಬಿಡುವ ಆಸೆ ಉಕ್ಕಿಬಂತು, ಅದು ಪಾಪವೆಂಬ ನಂಬಿಕೆಯೊಂದೇ ಹಿಡಿದು ನಿಲ್ಲಿಸಿತು. ಜೊತೆಗಿದ್ದ ಒಬ್ಬ ಗ್ರೀಕ್ ಕೈದಿ ಕುಸಿದುಬಿದ್ದ. ಅವನನ್ನು ಎಳೆದೊಯ್ದರು, ಸ್ವಲ್ಪ ಹೊತ್ತಿಗೆ ಪ್ರಾಣ ಹೋಯಿತು. ಆಗ ಓಡಿಬಂದವನು, ಜೊತೆಯಲ್ಲೇ ಸೆರೆಯಾಗಿದ್ದ ಗೌಗರನ ಬಂಗಾಳಿ ಸೇವಕ. ತನ್ನ ತಲೆಯ ರುಮಾಲನ್ನು ಹರಿದು ಎರಡು ಮಾಡಿದ. ಅರ್ಧ ಯಜಮಾನನಿಗೆ, ಅರ್ಧ ಜಡ್ಸನ್‌ರಿಗೆ. ಗಾಯದ ಕಾಲುಗಳಿಗೆ ಅದನ್ನು ಸುತ್ತಿ, ಉಳಿದ ದಾರಿಗೆ ಜಡ್ಸನ್‌ರಿಗೆ ಹೆಗಲು ಕೊಟ್ಟ. ಚರಿತ್ರೆಯ ಪುಸ್ತಕಗಳು ಜಡ್ಸನ್‌ರ ಹೆಸರನ್ನು ದೊಡ್ಡದಾಗಿ ಬರೆದವು. ನನಗೆ ಆ ರುಮಾಲಿನವನ ಹೆಸರೂ ಅದೇ ಸಾಲಿನಲ್ಲಿ, ಅಷ್ಟೇ ದೊಡ್ಡ ಅಕ್ಷರದಲ್ಲಿ ಬೇಕು. ಅವನಿಲ್ಲದಿದ್ದರೆ ಜಡ್ಸನ್ ಆ ದಾರಿಯಲ್ಲೇ ಸಾಯುತ್ತಿದ್ದರು.

ದಿಂಬು? ಆ ದಿನದ ಲೂಟಿಯಲ್ಲಿ ಕಾವಲುಗಾರನೊಬ್ಬ ಅದಕ್ಕೆ ಸುತ್ತಿದ್ದ ಚಾಪೆಯನ್ನು ಬಿಚ್ಚಿಕೊಂಡು, ಒಳಗಿನ ಹತ್ತಿಯ ಗಟ್ಟಿ ಉಂಡೆಯನ್ನು ಬಿಸಾಡಿದ್ದ.

ಹೊಸ ಸೆರೆ ಔಂಗ್‌ಬಿನ್ಲೆ ಎಂಬ ಹಳ್ಳಿಯಲ್ಲಿ, ಮುರಿದುಬಿದ್ದ ಒಂದು ಕಟ್ಟಡ. ಮೂರು ತಿಂಗಳ ಕೂಸಿನೊಂದಿಗೆ ಆನ್ ಅಲ್ಲಿಗೂ ಹುಡುಕಿಕೊಂಡು ಬಂದರು. ಮನೆಯಲ್ಲಿ ಸಿಡುಬು, ಆನ್‌ಗೆ ಕಾಯಿಲೆ, ಎದೆಹಾಲು ಬತ್ತಿತು. ಕಾವಲುಗಾರರಿಗೆ ಲಂಚ ಕೊಟ್ಟು ಗಂಡನಿಗೆ ದಿನವೂ ಸ್ವಲ್ಪ ಹೊತ್ತು ಹೊರಗೆ ಬಿಡುವು ಕೊಡಿಸಿದರು. ಬೇಡಿಯ ಕಾಲೆಳೆಯುತ್ತಾ ಜಡ್ಸನ್ ಮನೆಮನೆಗೆ ಹೋದರು. ಕೂಸಿರುವ ತಾಯಂದಿರ ಮುಂದೆ ಮಗಳನ್ನು ಹಿಡಿದು ಬೇಡಿದರು. ಆ ತಾಯಂದಿರು, ತಮ್ಮ ರಾಜನ ವೈರಿಯೆಂದು ಹೆಸರಾದವನ ಮಗುವಿಗೆ, ಹಾಲು ಕೊಟ್ಟರು.

ಹದಿನೇಳು ತಿಂಗಳ ಬಳಿಕ ಬೇಡಿ ಬಿಚ್ಚಿದ್ದು ಕರುಣೆಯಿಂದಲ್ಲ, ಸಂಧಾನಕ್ಕೆ ದುಭಾಷಿ ಬೇಕಾಗಿತ್ತು. 1826ರ ಫೆಬ್ರವರಿಯಲ್ಲಿ ಯಾಂಡಬೋ ಒಪ್ಪಂದವಾಯಿತು. ಅದೇ ಅಕ್ಟೋಬರ್‌ನಲ್ಲಿ, ಗಂಡ ದೂರದಲ್ಲಿದ್ದಾಗ, ಆನ್ ಜ್ವರಕ್ಕೆ ಬಲಿಯಾದರು. ಆರು ತಿಂಗಳಿಗೆ ಮರಿಯಾಳೂ ಹೋದಳು.

ಬಿಸಾಡಿದ ಹತ್ತಿಯುಂಡೆಯನ್ನು ಎತ್ತಿಕೊಂಡವನು ಶಿಷ್ಯ ಮೌಂಗ್ ಇಂಗ್. ಒಳಗೇನಿದೆಯೆಂದು ಅವನಿಗೆ ತಿಳಿದಿರಲಿಲ್ಲ. ಗುರುವಿನ ನೆನಪಿಗಿರಲಿ ಎಂದು ಮನೆಗೆ ಒಯ್ದಿಟ್ಟಿದ್ದ. ತಿಂಗಳುಗಳು ಕಳೆದ ಮೇಲೆ ಬಿಚ್ಚಿದಾಗ ಹಸ್ತಪ್ರತಿ ಹಾಗೆಯೇ ಇತ್ತು. ಹೊಸ ಒಡಂಬಡಿಕೆ 1832ರಲ್ಲಿ ಮೌಲ್ಮೇನ್‌ನಲ್ಲಿ ಅಚ್ಚಾಯಿತು. 1834ರ ಜನವರಿ 31ರಂದು ಜಡ್ಸನ್ ಇಡೀ ಬೈಬಲಿನ ಕೊನೆಯ ಹಾಳೆಯನ್ನು ಅನುವಾದಿಸಿ ಮುಗಿಸಿದರು. ಬರ್ಮಾದ ಪ್ರಾಟೆಸ್ಟಂಟ್ ಸಭೆಗಳಲ್ಲಿ ಇಂದಿಗೂ ಹೆಚ್ಚಾಗಿ ಓದುವುದು ಅದನ್ನೇ.