ಕೋವಿ ಮತ್ತು ಕೇಪು

ಸಕಲೇಶಪುರ, ಆಲೂರು ಸೀಮೆಯ ಹಳೆಯ ಮನೆಗಳಿಗೆ ಕೇಪಿನ ಕೋವಿಯು ಅಪರಿಚಿತವಾದುದಲ್ಲ. ಹಂದಿ ಮಂಗಗಳಿಂದ ಗದ್ದೆ ತೋಟಗಳನ್ನು ಕಾಯಲು ಪರವಾನಗಿ ಪಡೆದು ಇಟ್ಟುಕೊಂಡ ಆಯುಧವದು. ನಳಿಗೆಯ ಬಾಯಿಂದ ಮದ್ದು ಸುರಿದು, ಗುಂಡಿಟ್ಟು, ಸಲಾಕೆಯಿಂದ ಜಡಿದು, ಹಿಂಬದಿಯಲ್ಲಿ ತಾಮ್ರದ ಪುಟ್ಟ ಕೇಪನ್ನು ತೊಡಿಸಿ ಕುದುರೆಯನ್ನೆಳೆದರೆ ಒಂದು ಈಡು ಸಿದ್ಧ. ಔಷಧಕ್ಕೂ ಸಿಡಿಯುವ ಪುಡಿಗೂ ‘ಮದ್ದು’ ಎಂಬ ಒಂದೇ ಹೆಸರನ್ನಿತ್ತ ನಮ್ಮ ಹಿರಿಯರ ಭಾಷಾವಿವೇಕವು ಚಿಂತನಾರ್ಹವಾದುದು.

ಇದಕ್ಕೂ ಮುಂಚಿನದು ಚಕಮಕಿ ಕಲ್ಲಿನ ಕೋವಿ. ಮಳೆಗೆ ಅದರ ಮದ್ದು ತೊಯ್ಯುತ್ತಿತ್ತು. ಕಿಡಿಯ ಬೆಳಕನ್ನು ಕಂಡ ಹಕ್ಕಿಗಳು ಗುಂಡು ತಲಪುವ ಮೊದಲೇ ಹಾರಿಹೋಗುತ್ತಿದ್ದವು. ಬೇಟೆಯ ಹವ್ಯಾಸವಿದ್ದ ಸ್ಕಾಟ್ಲೆಂಡಿನ ಪಾದ್ರಿ ಅಲೆಕ್ಸಾಂಡರ್ ಜಾನ್ ಫೋರ್ಸೈತ್, ಪೆಟ್ಟಿನಿಂದಲೇ ಸಿಡಿಯುವ ರಾಸಾಯನಿಕವನ್ನು ಬಳಸುವ ಉಪಾಯವನ್ನು ಕಂಡು 1807ರಲ್ಲಿ ಅದರ ಹಕ್ಕುಪತ್ರವನ್ನು ಪಡೆದನು. ಮುಂದಿನ ಎರಡು ದಶಕಗಳಲ್ಲಿ ತಾಮ್ರದ ಕೇಪು ಬಳಕೆಗೆ ಬಂದಿತು. ಧರ್ಮೋಪದೇಶಕನ ಬುದ್ಧಿಯಿಂದ ಹುಟ್ಟಿದ ಯುಕ್ತಿಯು ಜಗತ್ತಿನ ಸೈನ್ಯಗಳನ್ನೆಲ್ಲ ಸೇರಿದುದು ವಿಧಿಯ ವಿಡಂಬನೆಯೇ ಸರಿ.

ಅದೇ ಶತಮಾನದ ನಡುವಿನಲ್ಲಿ ಪ್ಯಾರಿಸ್ಸಿನ ಗ್ಯಾಸ್ತಿನ್ ರೆನೆತ್ ಮುಂತಾದ ಕುಶಲಿಗಳು ಗುರಿಯ ಅಭ್ಯಾಸಕ್ಕೆಂದು ಕೇಪಿನ ಪಿಸ್ತೂಲುಗಳನ್ನು ಜೋಡಿಯಾಗಿ ನಿರ್ಮಿಸಿದರು. ಅವಳಿ ಮಕ್ಕಳಂತಹ ಎರಡು ಪಿಸ್ತೂಲು, ಗುಂಡು ಎರೆಯುವ ಅಚ್ಚು, ಮದ್ದಿನ ಕುಪ್ಪಿ, ಸಲಾಕೆ, ಕೇಪಿನ ಡಬ್ಬಿ, ಇವೆಲ್ಲವೂ ಬಟ್ಟೆ ಹೊದಿಸಿದ ಒಂದೇ ಪೆಟ್ಟಿಗೆಯಲ್ಲಿ ತಮ್ಮ ತಮ್ಮ ಗೂಡುಗಳಲ್ಲಿರುತ್ತಿದ್ದವು. ಜೋಡಿಯ ಪದ್ಧತಿಗೆ ಮೂಲ ದ್ವಂದ್ವಯುದ್ಧ: ಮಾನಕ್ಕಾಗಿ ಹೋರಾಡುವ ಇಬ್ಬರಿಗೂ ಸಮಾನ ಆಯುಧವಿರಬೇಕೆಂಬ ನ್ಯಾಯ. ಆದರೆ ಸಾಧನವು ಸಮವಾದ ಮಾತ್ರಕ್ಕೆ ಕೃತ್ಯವು ಧರ್ಮವಾದೀತೆ?

ಆ ಪೆಟ್ಟಿಗೆಯ ಚಿತ್ರವನ್ನು ನೋಡುವಾಗ ನನಗೆ ಹೊಳೆಯುವುದು ನಮ್ಮ ಮನೆಗಳ ಬೇರೆಯೇ ಕ್ರಮ. ಕೋವಿ ಗೋಡೆಯ ಗೂಟದಲ್ಲಿ, ಮದ್ದು ಅಟ್ಟದಲ್ಲಿ, ಮೆಣಸಿನ ಕಾಳಿನಷ್ಟು ದೊಡ್ಡದಾದ ಕೇಪುಗಳು ಮಾತ್ರ ಮನೆಯ ಹಿರಿಯರ ವಶದಲ್ಲಿ. ನನ್ನ ಬಾಲ್ಯದಲ್ಲಿ ನೆರೆಮನೆಯ ಅಣ್ಣತಮ್ಮಂದಿರಿಗೆ ಗದ್ದೆಯ ನೀರಿನ ವಿಷಯದಲ್ಲಿ ವ್ಯಾಜ್ಯ ಹುಟ್ಟಿತು. ಸಿಟ್ಟಿನ ಭರದಲ್ಲಿ ತಮ್ಮನು ಕೋವಿಯನ್ನಿಳಿಸಿ, ಮದ್ದು ಜಡಿದು, ಕೇಪಿಗಾಗಿ ತಡಕಾಡಿದನು. ಆ ವೃದ್ಧ ತಾಯಿಯು ಒಲೆಯ ಮುಂದಿನಿಂದ ಏಳದೆಯೇ, “ಕೇಪು ನನ್ನ ಸೆರಗಲ್ಲೈತೆ ಮಗ. ಮೊದ್ಲು ಉಣ್ಣು, ಆಮೇಲೆ ಕೇಳು” ಎಂದರು. ಅವನು ಉಣ್ಣಲಿಲ್ಲ, ಜಗಲಿಯಲ್ಲಿ ಕುಳಿತು ಅತ್ತನು. ಮರುದಿನ ಊರ ಹಿರಿಯರು ನೀರಿಗೆ ಸರದಿಯನ್ನು ಗೊತ್ತುಮಾಡಿದರು. ಆ ಸಹೋದರರು ಕೊನೆಯವರೆಗೂ ಒಂದೇ ಕಾಲುವೆಯ ನೀರನ್ನು ಉಂಡರು.

ಸಕಲ ಪರಿಕರಗಳನ್ನೂ ಒಂದೆಡೆ ಕೂಡಿಸಿಡುವುದು ಕೌಶಲ. ಕೆಲವನ್ನು ಬೇರ್ಪಡಿಸಿಡುವುದು ವಿವೇಕ. ಹತ್ಯಾರಕ್ಕೂ ಸಿಟ್ಟಿಗೂ ನಡುವೆ ಒಂದು ಹೊತ್ತಿನ ಊಟದಷ್ಟು ಅಂತರವಿದ್ದರೆ ಅನೇಕ ಮನೆಗಳು ಉಳಿಯುತ್ತವೆ. ಮಾತಿನ ವಿಷಯವೂ ಇದೇ. ಬಾಯಿಂದ ಹೊರಟ ನುಡಿಯನ್ನು ನಳಿಗೆಯಿಂದ ಹೊರಟ ಗುಂಡಿನಂತೆಯೇ ಮರಳಿ ಕರೆಯಲಾಗದು.

ಮುಂದೆ ಗುರಿಯಿರಬೇಕು, ಹಿಂದೆ ಗುರುವಿರಬೇಕು ಎಂಬ ಗಾದೆಯನ್ನು ಈ ಶಾಲೆಯ ಮಕ್ಕಳು ದಿನವೂ ಕೇಳುತ್ತಾರೆ. ಗುರಿಯನ್ನು ತೋರಿಸುವುದಷ್ಟೇ ಗುರುವಿನ ಕಾರ್ಯವಲ್ಲ. ಸಿಡಿಯುವ ಕ್ಷಣದಲ್ಲಿ ತಡೆಯುವುದೂ ಅವನ ಕಾರ್ಯವೇ. ವಿದ್ಯಾರ್ಥಿಗಳು ಬಲವನ್ನು ಸಂಪಾದಿಸಲಿ. ಅದನ್ನು ತಡೆಹಿಡಿಯುವ ವಿನಯವನ್ನೂ ಜೊತೆಯಲ್ಲಿ ಕಲಿಯಲಿ ಎಂದು ಹಾರೈಸುತ್ತೇನೆ.