ಮಾಗಡಿ ಕೆರೆಯ ಬಾತುಗಳ ತವರಿನಿಂದ

ಕೋರ್ಜೋಕ್, ಲಡಾಖ್
ಜೂನ್ ಮೊದಲ ವಾರ

ತೀರ್ಥರೂಪ ಅಪ್ಪನವರಿಗೆ ಮಗಳು ಮಾಡುವ ಶಿರಸಾಷ್ಟಾಂಗ ನಮಸ್ಕಾರಗಳು.

ನಾನು ಕ್ಷೇಮ. ಅವ್ವನ ಮೊಣಕಾಲು ನೋವು ಹೇಗಿದೆ? ಮುಂಬಯಿಯಲ್ಲಿ, ನಮ್ಮ ದಹಿಸರಿನಲ್ಲಿ, ಮಳೆ ಹಿಡಿಯಲು ಇನ್ನೂ ವಾರವಾದರೂ ಬೇಕಲ್ಲ. ಆ ಸೆಕೆಯಲ್ಲಿ ನೀವಿಬ್ಬರೂ ಬೇಯುತ್ತಿದ್ದರೆ, ನಾನಿಲ್ಲಿ ಸ್ವೆಟರಿನ ಮೇಲೆ ಕಂಬಳಿ ಹೊದ್ದು ಬರೆಯುತ್ತಿದ್ದೇನೆ. ಇಲ್ಲಿಗೆ ಬೇಸಿಗೆ ಬಂದದ್ದೇ ಈಗ. ಚಳಿಗಾಲದಲ್ಲಿ ಇಲ್ಲಿನ ತ್ಸೊ ಮೊರಿರಿ ಸರೋವರ ಪೂರ್ತಿ ಹೆಪ್ಪುಗಟ್ಟುತ್ತದೆ, ಮೇ ತಿಂಗಳಲ್ಲಷ್ಟೇ ಬಿಡುತ್ತದೆ. ಫೋನ್ ಹತ್ತುವುದು ಕಷ್ಟ, ಅದಕ್ಕೇ ಈ ಕಾಗದ. ಲೇಹ್‌ಗೆ ಇಳಿದ ಮೇಲೆ ಅಂಚೆಗೆ ಹಾಕುತ್ತೇನೆ.

ನಿಮ್ಮ ಚಿಂತೆಯ ಮಾತನ್ನು ಮೊದಲು ಮುಗಿಸಿಬಿಡುತ್ತೇನೆ. ಲೇಹ್ ಊರೇ ಸುಮಾರು 3,500 ಮೀಟರ್ ಎತ್ತರದಲ್ಲಿದೆ. ಅಲ್ಲಿ ಎಲ್ಲೂ ಓಡಾಡದೆ, ಬಿಸಿನೀರು ಕುಡಿಯುತ್ತಾ ತಂಗಿದ್ದು, ಮೈ ಒಗ್ಗಿದ ಮೇಲೆಯೇ ಹೊರಟೆವು. ಈ ತ್ಸೊ ಮೊರಿರಿ ಇರುವುದು 4,500 ಮೀಟರಿಗೂ ಮೇಲೆ. ದಹಿಸರಿನಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕದಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಮಾತ್ರ ಇಲ್ಲಿ ಸಿಗುತ್ತದೆ. ನಾಲ್ಕು ಹೆಜ್ಜೆ ಏರಿದರೆ ನಿಲ್ಲಬೇಕು. ತಲೆನೋವು ಸ್ವಲ್ಪ ಇತ್ತು, ಈಗ ಇಲ್ಲ. ಊಟಕ್ಕೆ ಥುಕ್ಪಾ, ಉಪ್ಪು ಬೆಣ್ಣೆ ಹಾಕಿದ ಚಹಾ. ಅವ್ವನಿಗೆ ಹೇಳಿ, ಶೇಂಗಾ ಚಟ್ನಿ ಪುಡಿಯ ಡಬ್ಬಿ ಖಾಲಿಯಾಗುತ್ತಾ ಬಂದಿದೆ.

ದಾರಿಯುದ್ದಕ್ಕೂ ಸಿಂಧೂ ನದಿ ಜೊತೆಗಿತ್ತು. ಉಪ್ಶಿ ದಾಟಿ, ಚುಮಾಥಾಂಗ್‌ನ ಬಿಸಿನೀರ ಬುಗ್ಗೆ ದಾಟಿ, ಮಾಹೆಯ ಸೇತುವೆ ಬಳಿ ಅನುಮತಿ ಪತ್ರ ತೋರಿಸಿ, ನದಿಯನ್ನು ಬಿಟ್ಟು ಒಳಗೆ ತಿರುಗಿದೆವು. ಆಮೇಲೆ ಮರವೆಂಬುದಿಲ್ಲ. ಬರೀ ಕಂದು ಬೆಟ್ಟ, ಅಲ್ಲಲ್ಲಿ ಹಸಿರಿನ ತೇಪೆ, ಆಕಾಶ. ಕೊನೆಯ ತಿರುವು ಕಳೆದಾಗ ನೀರು ಕಂಡಿತು. ಸುಮಾರು 26 ಕಿಲೋಮೀಟರ್ ಉದ್ದದ ನೀರು, ಅಪ್ಪಾ! ಆಳ ಕೆಲವೆಡೆ ನೂರು ಮೀಟರಿಗೂ ಮಿಕ್ಕಿ. ಬೆಳಿಗ್ಗೆ ಬೂದು, ಮಧ್ಯಾಹ್ನ ಕಡುನೀಲಿ, ಮೋಡ ಸರಿದಲ್ಲಿ ಹಸಿರು. ಆಚೆ ದಡದ ಹಿಂದೆ ಲುಂಗ್ಸೆರ್ ಕಾಂಗ್ರಿ, ಚಾಮ್ಸೆರ್ ಕಾಂಗ್ರಿ ಎಂಬ ಎರಡು ಶಿಖರಗಳು, ಎರಡೂ 6,600 ಮೀಟರ್ ಮೀರಿದವು. ಈಚೆ ದಡದಲ್ಲಿ ಕೋರ್ಜೋಕ್ ಹಳ್ಳಿ, ಅದರ ಗೊಂಪಾ ಅಂದರೆ ಬೌದ್ಧ ಮಠ, ಅದರ ಕೆಳಗೆ ಬಾರ್ಲಿಯ ಪುಟ್ಟ ಹೊಲಗಳು. ಜಗತ್ತಿನಲ್ಲಿ ಉಳುಮೆಯಾಗುವ ಅತಿ ಎತ್ತರದ ಹೊಲಗಳಲ್ಲಿ ಇವೂ ಸೇರಿವೆ.

ಆದರೆ ನಿಮಗೆ ಬರೆಯಲೇಬೇಕೆಂದು ನನ್ನನ್ನು ಕೂಡಿಸಿದ್ದು ಬೇರೆ. ಸಂಜೆ ದಂಡೆಗಿಂತ ಸಾಕಷ್ಟು ಮೇಲೆ ನಿಂತು ದುರ್ಬೀನಿನಲ್ಲಿ ನೋಡುತ್ತಿದ್ದೆ. ಜೌಗಿನ ಹುಲ್ಲಿನಲ್ಲಿ ಬಾತುಗಳ ಹಿಂಡು ಮೇಯುತ್ತಿತ್ತು. ಬೂದು ಮೈ, ಹಳದಿ ಕೊಕ್ಕು, ಬಿಳಿ ತಲೆಯ ಹಿಂದೆ ಎರಡು ಕಪ್ಪು ಪಟ್ಟೆ. ಅದೇ ಹಕ್ಕಿ! ಶಿರಹಟ್ಟಿ ತಾಲ್ಲೂಕಿನ ನಮ್ಮ ಮಾಗಡಿ ಕೆರೆಗೆ ಪ್ರತಿ ಚಳಿಗಾಲ ಸಾವಿರಗಟ್ಟಲೆ ಇಳಿಯುವ ಪಟ್ಟೆತಲೆ ಹೆಬ್ಬಾತು. ನೀವು ಚಿಕ್ಕವರಿದ್ದಾಗ ಅಜ್ಜನ ಜೊತೆ ಬೆಳೆ ಕಾಯಲು ಹೋಗಿ, ಬೆಳಗಿನ ಜಾವ ಇವುಗಳ ಕೂಗಿಗೆ ಎದ್ದು ಕೂರುತ್ತಿದ್ದ ಕಥೆಯನ್ನು ದಹಿಸರಿನ ಮನೆಯಲ್ಲಿ ಎಷ್ಟು ಸಲ ಹೇಳಿದ್ದೀರಿ! ಫೆಬ್ರುವರಿ ಕಳೆದು ಬಿಸಿಲೇರಿದರೆ ಅವು ಎಲ್ಲಿಗೆ ಹೋಗುತ್ತವೆ ಎಂದು ಅಜ್ಜನನ್ನು ಕೇಳಿದರೆ, ಅವರು ಬಡಗು ದಿಕ್ಕಿಗೆ ಕೈ ತೋರಿಸುತ್ತಿದ್ದರಂತೆ. ಅಜ್ಜ ತೋರಿಸಿದ ಕಡೆ ನಾನಿದ್ದೇನೆ. ಲಡಾಖ್, ಟಿಬೆಟ್, ಮೊಂಗೋಲಿಯಾ, ಈ ಎತ್ತರದ ನೀರುಗಳೇ ಅವುಗಳ ತವರು. ಮೊಂಗೋಲಿಯಾದಲ್ಲಿ ಕೊರಳಪಟ್ಟಿ ಹಾಕಿ ಬಿಟ್ಟ ಬಾತುಗಳು ಮೈಸೂರಿನ ಹತ್ತಿರದ ಹದಿನಾರು ಎಂಬ ಊರಿನ ಕೆರೆಯಲ್ಲಿ ಕಂಡಿವೆ.

ಅವು ಹಿಮಾಲಯ ದಾಟುವ ಬಗೆ ಓದಿದಾಗಿನಿಂದ ನನಗೆ ಈ ಹಕ್ಕಿಯ ಮೇಲೆ ಭಕ್ತಿಯೇ ಹುಟ್ಟಿದೆ. ವಿಜ್ಞಾನಿಗಳು ಕೆಲವು ಬಾತುಗಳ ಬೆನ್ನಿಗೆ ಪುಟ್ಟ ಯಂತ್ರ ಕಟ್ಟಿ ಹಿಂಬಾಲಿಸಿದ್ದಾರೆ. ಭಾರತದ ಬಯಲಿನಿಂದ ಹೊರಟವು ಎಂಟು ಗಂಟೆಯೊಳಗೆ ಪರ್ವತದ ನೆತ್ತಿ ಮುಟ್ಟಿದ್ದವು. ಬೆನ್ನಿಗೆ ಬೀಸುವ ಮಧ್ಯಾಹ್ನದ ಗಾಳಿಯನ್ನು ನೆಚ್ಚದೆ, ರಾತ್ರಿ ಮತ್ತು ನಸುಕಿನಲ್ಲಿ, ಗಾಳಿ ತಣ್ಣಗೆ ದಟ್ಟವಾಗಿದ್ದಾಗ, ಕಣಿವೆಗಳ ಏರಿಳಿತವನ್ನೇ ಹಿಡಿದು ರೆಕ್ಕೆ ಬಡಿಯುತ್ತಾ ಹೋಗುತ್ತವೆ. ಒಂದು ಬಾತು 7,290 ಮೀಟರ್ ಎತ್ತರದಲ್ಲಿ ಹಾರಿದ್ದು ದಾಖಲಾಗಿದೆ. ತೆಳು ಗಾಳಿಯಿಂದಲೂ ಆಮ್ಲಜನಕವನ್ನು ಬಿಗಿಯಾಗಿ ಹಿಡಿದುಕೊಳ್ಳುವಂಥ ರಕ್ತ ಅವುಗಳದು. ಇಲ್ಲಿ ನಡೆಯಲು ಏದುಸಿರು ಬಿಡುವ ನಮಗೆ ಅದರ ಬೆಲೆ ಚೆನ್ನಾಗಿ ಗೊತ್ತಾಗುತ್ತದೆ.

ಈಗ ಅವು ಮೊಟ್ಟೆಯಿಟ್ಟು ಕಾವು ಕೂರುವ ಕಾಲ. ಸರೋವರದ ಸಣ್ಣ ನಡುಗಡ್ಡೆಗಳಲ್ಲಿ, ನೆಲದ ಮೇಲೇ ಗೂಡು. ಜನ ಹತ್ತಿರ ಹೋದರೆ ತಾಯಿ ಎದ್ದು ಹಾರುತ್ತದೆ. ಈ ಚಳಿಗೆ ಮೊಟ್ಟೆ ತಣ್ಣಗಾಗಲು ಎಷ್ಟು ಹೊತ್ತು ಬೇಕು? ಕಪ್ಪು ಕೊರಳಿನ ಕ್ರೌಂಚಗಳದೂ ಇದೇ ಪಾಡು. ಬಿಡಾಡಿ ನಾಯಿಗಳು ಅವುಗಳ ಮೊಟ್ಟೆ ಮರಿಗಳನ್ನು ಬಿಡುವುದಿಲ್ಲ. ಪ್ರವಾಸಿಗರ, ಪಾಳೆಯಗಳ ಎಂಜಲು ತಿಂದು ಆ ನಾಯಿಗಳು ಹೆಚ್ಚಿವೆ. ಫೋಟೋ ತೆಗೆಯಲು ಗಾಡಿಯನ್ನು ನೀರಿನ ಅಂಚಿಗೇ ಇಳಿಸುವವರನ್ನು ಕಂಡು ನನಗೆ ನಿಜಕ್ಕೂ ಸಂಕಟವಾಯಿತು. ಕೋರ್ಜೋಕ್‌ನ ಜನರೇ 2000ದಲ್ಲಿ ಈ ಸರೋವರವನ್ನು ಜೀವಲೋಕಕ್ಕೆ ಪವಿತ್ರ ಕಾಣಿಕೆ ಎಂದು ಅರ್ಪಿಸಿ ಸಂರಕ್ಷಣೆಯ ಪಣ ತೊಟ್ಟರು. 2002ರಲ್ಲಿ ಇದು ಅಂತರರಾಷ್ಟ್ರೀಯ ಮಹತ್ವದ ಜೌಗುತಾಣಗಳ ರಾಮ್ಸರ್ ಪಟ್ಟಿಗೂ ಸೇರಿತು.

ಇನ್ನೊಂದು ಸಂಗತಿ. ಈ ನೀರಿಗೆ ಹೊರಗೆ ಹೋಗುವ ದಾರಿಯಿಲ್ಲ. ಹಿಂದೆ ದಕ್ಷಿಣಕ್ಕೆ ಹರಿದು ಹೋಗುತ್ತಿತ್ತಂತೆ, ಆ ಬಾಯಿ ಮುಚ್ಚಿದೆ. ಹಿಮ ಕರಗಿ ಬಂದದ್ದು ಇಲ್ಲೇ ನಿಂತು ಆವಿಯಾಗುತ್ತದೆ, ಅದಕ್ಕೇ ನೀರು ತುಸು ಉಪ್ಪು. ನಮ್ಮ ದಹಿಸರ್ ನದಿ ತುಳಸಿ ಕೆರೆಯ ಕಡೆಯಿಂದ ಕಾಡಿನೊಳಗೆ ತಿಳಿಯಾಗಿ ಇಳಿದು, ಊರಿನ ಪ್ಲಾಸ್ಟಿಕ್ಕು, ತಬೇಲಾದ ಸಗಣಿ ಎಲ್ಲವನ್ನೂ ಹೊತ್ತು ಮನೋರಿ ಖಾಡಿಗೆ ಸುರಿಯುತ್ತದೆ. 2005ರ ಜುಲೈ 26ರ ಮಹಾಮಳೆಯಲ್ಲಿ ಅದು ಆ ಕಸವನ್ನೆಲ್ಲ ನಮ್ಮ ಓಣಿಗೇ ತಿರುಗಿಸಿ ಕೊಟ್ಟದ್ದನ್ನು ನೀವೇ ಕಂಡವರು. ಇಲ್ಲಿ ಬಿದ್ದದ್ದಕ್ಕೆ ಖಾಡಿಯೂ ಇಲ್ಲ, ಸಮುದ್ರವೂ ಇಲ್ಲ. ಬಿದ್ದರೆ ಬಿದ್ದಲ್ಲೇ.

ಚಾಂಗ್‌ಪಾ ಕುರಿಗಾಹಿಗಳ ಡೇರೆಗೂ ಹೋಗಿದ್ದೆವು. ಯಾಕ್ ಕೂದಲಿನಿಂದ ನೇಯ್ದ ಕಪ್ಪು ಡೇರೆ. ಚಳಿಗಾಲಕ್ಕೆ ಬೆಳೆದ ಒಳಗೂದಲನ್ನು ಮೇಕೆಗಳು ಉದುರಿಸುವ ಹೊತ್ತಿದು. ಒಬ್ಬ ಹೆಂಗಸು ಮೇಕೆಯನ್ನು ಮಲಗಿಸಿ ಬಾಚಣಿಗೆಯಿಂದ ಮೆಲ್ಲಗೆ ಬಾಚಿ ಪಶ್ಮೀನಾ ತೆಗೆಯುತ್ತಿದ್ದಳು. ಒಂದು ಹಿಡಿ ನನ್ನ ಅಂಗೈಗೆ ಇಟ್ಟಳು. ನಮ್ಮ ಸೀಮೆಯ ಹತ್ತಿಯ ಅರಳೆ ಹಿಡಿದಂತೆ, ಭಾರವೇ ಇಲ್ಲ. ನನ್ನ ಊರಿನ ಕೆರೆಗೆ ಈ ಬಾತುಗಳು ಬರುತ್ತವೆ ಎಂದು ನಮ್ಮ ಡ್ರೈವರ್ ಮೂಲಕ ಹೇಳಿಸಿದೆ. ಅಲ್ಲಿ ಅವನ್ನು ಯಾರಾದರೂ ಹೊಡೆಯುತ್ತಾರೆಯೇ ಎಂದೇ ಅವಳು ಮೊದಲು ಕೇಳಿದ್ದು. ಇಲ್ಲ, ಕೆರೆ ಈಗ ಸಂರಕ್ಷಿತ, 2024ರಲ್ಲಿ ಅದೂ ರಾಮ್ಸರ್ ಪಟ್ಟಿಗೆ ಸೇರಿತು ಎಂದೆ. ತಲೆಯಾಡಿಸಿ ಮತ್ತೆ ಬಾಚಲು ಕೂತಳು.

ಊರಿನಲ್ಲಿರುವ ಕಾಕಾನಿಗೆ ನೀವು ಫೋನ್ ಮಾಡಿದಾಗ ಒಂದು ಮಾತು ಕೇಳಬೇಕು. ರಾತ್ರಿ ಹೊಲಕ್ಕೆ ಇಳಿಯುವ ಬಾತುಗಳಿಂದ ಬೆಳೆ ಎಷ್ಟು ಹಾಳಾಗುತ್ತದೆ, ಪರಿಹಾರವೇನಾದರೂ ಸಿಗುತ್ತದೆಯೇ? ರೈತನ ಹೊಟ್ಟೆಗೆ ಕಲ್ಲು ಹಾಕಿ ಹಕ್ಕಿ ಉಳಿಸಿ ಎನ್ನುವುದು ನನಗೆ ಸರಿ ಕಾಣದು. ಅವರ ಉತ್ತರ ಬಂದರೆ ಅರಣ್ಯ ಇಲಾಖೆಗೆ ಅರ್ಜಿ ನಾನೇ ಬರೆದುಕೊಡುತ್ತೇನೆ, ಬಾತು ಬರುವ ನವೆಂಬರಿಗೆ ಮೊದಲೇ. ಅವ್ವನಿಗೆ ನಮಸ್ಕಾರ ತಿಳಿಸಿ. ಮಾತ್ರೆಗಳನ್ನು ತಪ್ಪಿಸಬೇಡಿ.

ನಿಮ್ಮ ಮಗಳು