ಅಟ್ಟ ಸೇರಿದ ವಿಮಾನಗಳು

ಬಳಸಿ ಬಿಟ್ಟ ಕಬ್ಬಿಣಕ್ಕೆ ನಾವು ಗುಜರಿ ಎನ್ನುತ್ತೇವೆ. ನೆರೆಮನೆಯ ಮಲಯಾಳಿ ಬಂಧುಗಳು ಆಕ್ರಿ ಎನ್ನುತ್ತಾರೆ. ಅಮೆರಿಕದ ಅರಿಜೋನಾ ರಾಜ್ಯದ ಟೂಸಾನ್ ನಗರದವರು ನಿವೃತ್ತ ಯುದ್ಧವಿಮಾನಗಳನ್ನಿರಿಸಿದ ಬಯಲಿಗೆ 'ಬೋನ್‌ಯಾರ್ಡ್' ಎಂದು ಹೆಸರಿಟ್ಟಿದ್ದಾರೆ. ಎಲುಬಿನ ಹಿತ್ತಿಲು ಎಂದರ್ಥ. 2018ರಲ್ಲಿ ಮಗನ ಮನೆಗೆ ಹೋಗಿದ್ದಾಗ ಅದನ್ನು ನೋಡುವ ಯೋಗ ನನಗೂ ಒದಗಿತು. ಆ ದಿನಗಳಲ್ಲಿ ಪಿಮಾ ವಿಮಾನ ಸಂಗ್ರಹಾಲಯದ ಬಸ್ಸು ಅಲ್ಲಿಗೆ ಕರೆದೊಯ್ಯುತ್ತಿತ್ತು. ಸೇನೆಯ ಜಾಗವಾದ್ದರಿಂದ ಗುರುತುಪತ್ರ ತೋರಿಸಬೇಕಿತ್ತು, ಬಸ್ಸಿನಿಂದ ಇಳಿಯುವಂತಿರಲಿಲ್ಲ.

ಡೇವಿಸ್-ಮಾಂಥನ್ ವಾಯುನೆಲೆಗೆ ಸೇರಿದ ಈ ಬಯಲಿನ ವಿಸ್ತಾರ ಸುಮಾರು 2,600 ಎಕರೆ. ಎರಡನೆಯ ಮಹಾಯುದ್ಧ ಮುಗಿದ ಮೇಲೆ, 1946ರಲ್ಲಿ, ಬಿ-29 ಬಾಂಬರುಗಳನ್ನೂ ಸಿ-47 ಸಾಗಾಟ ವಿಮಾನಗಳನ್ನೂ ಇಲ್ಲಿ ತಂದು ನಿಲ್ಲಿಸತೊಡಗಿದರು. ಈಗ ಮೂರು ಸಾವಿರಕ್ಕೂ ಮಿಕ್ಕಿ ವಿಮಾನಗಳು ಸಾಲುಗಟ್ಟಿ ನಿಂತಿವೆ. ಸುಣ್ಣದಂಶದ ನೆಲ ಎಷ್ಟು ಗಟ್ಟಿಯೆಂದರೆ ಕಾಂಕ್ರೀಟ್ ಹಾಸದೆಯೇ ಅವು ನಿಲ್ಲಬಲ್ಲವು. ವರ್ಷದ ಮಳೆ 300 ಮಿಲ್ಲಿಮೀಟರಿನಷ್ಟೂ ಇಲ್ಲ. ನಮ್ಮ ಕಾಸರಗೋಡಿನಲ್ಲಿ ಅದು 3,000 ದಾಟುತ್ತದೆ. ಆಟಿಯ ಮಳೆಗೆ ಮಾಡಿನಡಿಯ ಕತ್ತಿಗೂ ತುಕ್ಕು ಹಿಡಿಯುವ ಊರಿನವನಿಗೆ ಆ ಒಣ ಗಾಳಿಯೇ ಒಂದು ಸೋಜಿಗ.

ಬಂದ ವಿಮಾನವನ್ನು ತೊಳೆದು, ಇಂಧನ ಬಸಿದು, ಕೊಳವೆಗಳಲ್ಲಿ ಹಗುರ ಎಣ್ಣೆ ಹರಿಸಿ ತೆಗೆಯುತ್ತಾರೆ. ಒಳಗೆ ಎಣ್ಣೆಯ ತೆಳು ಪೊರೆ ಉಳಿಯುತ್ತದೆ. ಕಿಟಕಿ, ಸಂದುಗಳಿಗೆ ಬಿಸಿಲು ತಡೆಯುವ ಬಿಳಿ ಲೇಪ ಬಳಿಯುತ್ತಾರೆ. ನನ್ನ ಅಜ್ಜಿ ಉಪ್ಪಿನಕಾಯಿ ಭರಣಿಯ ಬಾಯಿಗೆ ಬಟ್ಟೆ ಕಟ್ಟುತ್ತಿದ್ದ ಜಾಗ್ರತೆ ನೆನಪಾಯಿತು.

ಇಲ್ಲಿನ ವಿಮಾನಗಳಲ್ಲಿ ನಾಲ್ಕು ತರಗತಿ. ಮತ್ತೆ ಹಾರಿಸಬೇಕಾದೀತೆಂದು ದೀರ್ಘಕಾಲಕ್ಕೆ ಕಾಪಿಟ್ಟವು ಮೊದಲನೆಯವು; ನಾಲ್ಕು ವರ್ಷಕ್ಕೊಮ್ಮೆ ಅವುಗಳ ಸಂರಕ್ಷಣೆಯನ್ನು ಹೊಸತಾಗಿ ಮಾಡುತ್ತಾರೆ. ಬಿಡಿಭಾಗಕ್ಕೆಂದು ಇಟ್ಟವು ಎರಡನೆಯವು, ಸ್ವಲ್ಪ ಕಾಲ ಹಾರಲು ಸಿದ್ಧವಾಗಿ ಇಟ್ಟವು ಮೂರನೆಯವು. ಕೊನೆಯ ತರಗತಿಗೆ ಗುಜರಿಯೇ ಗತಿ.

1991ರಲ್ಲಿ ಸೋವಿಯತ್ ಒಕ್ಕೂಟದೊಡನೆ ಮಾಡಿಕೊಂಡ ಸ್ಟಾರ್ಟ್ ಒಪ್ಪಂದದಂತೆ 365 ಬಿ-52 ಬಾಂಬರುಗಳನ್ನು ಇಲ್ಲಿ ತುಂಡರಿಸಿದರು. ಕ್ರೇನಿನಿಂದ ಸುಮಾರು 6 ಟನ್ ಭಾರದ ಅಲಗನ್ನು ಕೆಡವಿ ಕತ್ತರಿಸಿ, ಎದುರು ಪಕ್ಷದ ಉಪಗ್ರಹಗಳಿಗೆ ಕಾಣಲೆಂದು ತುಂಡುಗಳನ್ನು ಕೆಲಕಾಲ ಹಾಗೆಯೇ ಬಿಟ್ಟರಂತೆ. ದೂರದ ರಾಜಧಾನಿಯ ಒಂದು ಕಾಗದ ಯಾರನ್ನು ಎಲ್ಲಿ ನಿಲ್ಲಿಸುತ್ತದೆಂಬುದನ್ನು 1956ರ ನವೆಂಬರಿನಿಂದ ಬಲ್ಲ ನಮಗೆ ಇದು ಬೇಗ ಅರ್ಥವಾಗುತ್ತದೆ. ಬಾಂಬರುಗಳು ತುಂಡಾದುದಕ್ಕೆ ನನಗೇನೂ ದುಃಖವಿಲ್ಲ. ಆದರೆ 2008ರಲ್ಲಿ ಇಲ್ಲಿಗೆ ಬಂದ 'ಘೋಸ್ಟ್ ರೈಡರ್' ಎಂಬ ಬಿ-52 ಏಳು ವರ್ಷಗಳ ನಂತರ, 2015ರಲ್ಲಿ, ಮತ್ತೆ ಹಾರಿಹೋಯಿತೆಂದು ಕೇಳಿದಾಗ ಮಾತ್ರ ಕಿವಿ ನಿಮಿರಿತು.

ಪಕ್ಕದಲ್ಲಿ ಮೊಮ್ಮಗ ಕುಳಿತಿದ್ದ. ನನ್ನ ಕನ್ನಡ ಅವನಿಗೆ ಪೂರಾ ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಅವನೊಳಗಿನ ಕನ್ನಡ ಯಾವ ತರಗತಿಯದು? ನಮ್ಮೂರಿನಲ್ಲೇ, ಮನೆಯಲ್ಲಿ ಕನ್ನಡವಿದ್ದೂ ಶಾಲೆಯಲ್ಲಿ ಅದನ್ನು ಬಿಟ್ಟ ಮಕ್ಕಳದ್ದು? ಮೂಲೆಯಲ್ಲಿ ಕೂತದ್ದೆಲ್ಲ ಸತ್ತಿಲ್ಲ ಎಂಬುದು ನಿಜ. ಆದರೆ ನಾಲ್ಕು ವರ್ಷಕ್ಕೊಮ್ಮೆ ಬಂದು ನೋಡುವ ಕೈಗಳಿರುವುದರಿಂದ ತಾನೇ ಮೊದಲ ಸಾಲಿನ ವಿಮಾನಗಳು ಉಳಿದಿರುವುದು?

ಊರಿಗೆ ಮರಳಿದ ಮೇಲೆ ಪ್ರತಿ ಭಾನುವಾರ ಅವನಿಗೆ ಫೋನು ಮಾಡಿ ಒಂದು ಕಥೆಯನ್ನು ಕನ್ನಡದಲ್ಲೇ ಹೇಳುತ್ತ ಬಂದಿದ್ದೇನೆ. ಉತ್ತರ ಯಾವ ಭಾಷೆಯಲ್ಲಿ ಬಂದರೂ ನಾನು ತಕರಾರು ಮಾಡುವುದಿಲ್ಲ. ಮೊನ್ನೆ ಕಥೆಯ ನಡುವೆ ತಡೆದು ಅವನೇ ಕೇಳಿದ: "ಅಜ್ಜಾ, ಅಲ್ಲಿ ಮಳೆ ಬಂತಾ?"